ಗಾಳಿಯೂ ಮರದ ಆಕಾರವೂ



ಗಾಳಿ ಬೀಸಿದರೆ ಮರ ಅಲುಗುವುದು. ಗಾಳಿ ಬಲವಾದರೆ ಮರ ಉರುಳುವುದು. ಇದು ಎಳೆಯ ಮಕ್ಕಳೂ ಬಲ್ಲ ಸಂಗತಿ; ಇದನ್ನು ಕುರಿತು ಒಂದು ಭಾಷಣವನ್ನೇ ಮಾಡತಕ್ಕಷ್ಟು ವಿಷಯವಾದರೂ ಏನಿದೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನಮಗೂ ಬಹುಕಾಲ ಹಾಗೆಯೇ ತೋರಿದ್ದಿತು. ಬಲ, ವೇಗ, ಆಂದೋಲನ ಎಂದು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು ಅಳಿಸುವುದು ನಮ್ಮ ಕಸುಬು. ಅದೇ ಪಾಠವನ್ನು ತರಗತಿಯ ಕಿಟಕಿಯಾಚೆ ಒಂದು ಮರವು ದಿನವೂ ಮಾಡಿ ತೋರಿಸುತ್ತಿದ್ದುದನ್ನು ಮಾತ್ರ ನಾವು ಕಣ್ಣೆತ್ತಿ ನೋಡಿರಲಿಲ್ಲ. ಆ ಮರ ಈಗ ಇಲ್ಲ. ಅದು ಇಲ್ಲವಾದುದರಲ್ಲಿ ನಮ್ಮ ಕೈವಾಡವೂ ಸ್ವಲ್ಪ ಉಂಟು. ಆದಕಾರಣ ಈ ಭಾಷಣವನ್ನು ಅರ್ಧ ಪಾಠವೆಂದೂ ಅರ್ಧ ತಪ್ಪೊಪ್ಪಿಗೆಯೆಂದೂ ತಾವು ಭಾವಿಸಬಹುದು.

ಅದು ಒಂದು ಮಳೆಮರ; ಕೊಡೆಯಂತೆ ನಾಲ್ಕು ಕಡೆಗೂ ಹರಡಿ, ಬೇಸಗೆಯಲ್ಲಿ ನೂರಾರು ಮಂದಿ ಹುಡುಗರಿಗೆ ನೆರಳು ಕೊಡುತ್ತಿದ್ದಿತು. ಮಾಳಿಗೆಯ ಮೇಲೆ ಎಲೆ ಸುರಿಯುವುದೆಂದೂ, ಬಿರುಗಾಳಿಗೆ ಬಿದ್ದರೆ ಅನಾಹುತವಾಗುವುದೆಂದೂ ಕೆಲವರು ದೂರು ಹೇಳಿದರು. ಭೌತವಿಜ್ಞಾನ ಹೇಳುವವರಲ್ಲವೆ ಎಂದು ನಮ್ಮ ಅಭಿಪ್ರಾಯವನ್ನು ಕೇಳಿದರು. ನಾವು ಒಂದು ಕ್ಷಣವೂ ತಡೆಯದೆ, “ಗಾಳಿಗೆ ಸಿಕ್ಕುವ ಹರವು ಕಡಮೆಯಾದರೆ ಬಲವೂ ಕಡಮೆಯಾಗುವುದು, ಕೆಳಗಿನ ರೆಂಬೆಗಳನ್ನೂ ಒಳಗಿನ ಕವಲುಗಳನ್ನೂ ತೆಗೆಸಿ, ತುದಿಯ ಹಸುರನ್ನು ಮಾತ್ರ ಉಳಿಸಿ” ಎಂದು ತೀರ್ಪು ಕೊಟ್ಟೆವು. ಹಾಗೆಯೇ ಮಾಡಿದರು. ಮರವು ಉದ್ದವಾದ ಹಿಡಿಯ ತುದಿಗೆ ಕಟ್ಟಿದ ಚಾಮರಗಳ ಗೊಂಚಲಿನಂತೆ ಕಾಣತೊಡಗಿತು. ನೋಟಕ್ಕೆ ಹಗುರವಾಗಿಯೇ ಇದ್ದಿತು. ಮರುವರ್ಷ ಏಪ್ರಿಲಿನ ಒಂದು ಸಂಜೆ, ಮಳೆಗೆ ಮುಂಚೆ ಎದ್ದ ಗಾಳಿಗೆ ಎರಡು ಹಿರಿಯ ಕೊಂಬೆಗಳು ಬುಡದಲ್ಲಿಯೇ ಸೀಳಿ, ಕಾವಲುಗಾರನ ಗುಡಿಸಿಲಿನ ಮೇಲೆ ಬಿದ್ದುವು. ಆತನು ಸ್ವಲ್ಪ ಹೊತ್ತಿಗೆ ಮುಂಚೆ ದೀಪಕ್ಕೆ ಎಣ್ಣೆ ತರಲು ಹೋಗಿದ್ದನು. ಪುಣ್ಯವಶಾತ್ ಪ್ರಾಣ ಉಳಿಯಿತು. ಉಳಿದ ಮರವನ್ನು ಆ ವಾರವೇ ಕಡಿಸಿದರು. ನಲವತ್ತು ವರ್ಷಗಳಿಂದ ಎಂತೆಂತಹ ಗಾಳಿಗೂ ಅಲುಗಿ, ಎದ್ದು ನಿಂತಿದ್ದ ಮರವು, ನಾವು ಹಗುರಮಾಡಿದ ಒಂದೇ ವರ್ಷದಲ್ಲಿ ಮುರಿದುದೇಕೆ? ಈ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ.

ಉತ್ತರವನ್ನು ನಾವು ಪುಸ್ತಕಗಳಲ್ಲಿ ಅರಸಿದೆವು. ಆದರೆ ಅದು ಮನಸ್ಸಿಗೆ ಹತ್ತಿದುದು ಕಾಡಿನಲ್ಲಿ. ಮುಂದಿನ ರಜೆಗಳಲ್ಲಿ ವಿದ್ಯಾರ್ಥಿಗಳೊಡನೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾಗಳನ್ನು ಸುತ್ತಿ ಬಂದೆವು. ಈ ನಾಲ್ಕೂ ಒಂದೇ ಜಿಲ್ಲೆಯಲ್ಲಿ ಇದ್ದರೂ ಮರಗಳ ಪಾಲಿಗೆ ನಾಲ್ಕು ಬೇರೆ ಬೇರೆ ಲೋಕಗಳು. ಮೂಡಣ ಅಂಚಿನಲ್ಲಿ ಮುಂಡಗೋಡವು ಬಯಲುಸೀಮೆಗೆ ಮುಖಮಾಡಿಕೊಂಡಿದೆ. ಹಳಿಯಾಳದಲ್ಲಿ ಎಲೆಯುದುರುವ ತೇಗದ ಕಾಡು. ಕಾಳೀನದಿಯ ದಡದ ದಾಂಡೇಲಿಯಲ್ಲಿ ಮತ್ತಿ, ಹೊನ್ನೆ, ನಂದಿ, ಜಂಬೆ, ಬಿದಿರುಗಳ ಬೆರಕೆಯ ಕಾಡು. ಪಡುವಲ ಜೋಯಿಡಾದಲ್ಲಿ ಘಟ್ಟದ ನಿತ್ಯಹರಿದ್ವರ್ಣದ ಕಾಡು. ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚುವುದು, ಮರದ ಆಕಾರವೂ ಬದಲಾಗುವುದು, ಅದರೊಡನೆ ಮರವು ಗಾಳಿಗೆ ಆಡುವ ರೀತಿಯೂ ಬದಲಾಗುವುದು. ಗಾಳಿ ಒಂದೇ, ಕುಣಿತ ಬೇರೆ.

ಮೊದಲು ಮುಂಡಗೋಡಕ್ಕೆ ಬರೋಣ. ಅಲ್ಲಿ ಹೊಲದ ಬದುವಿನ ಮೇಲೆ ಒಂಟಿಯಾಗಿ ನಿಂತ ಹುಣಸೆ, ಮಾವು, ಆಲಗಳನ್ನು ತಾವು ನೋಡಬಹುದು. ನೆರೆಹೊರೆಯಿಲ್ಲದ ಈ ಮರಗಳ ಕಾಂಡ ಗಿಡ್ಡ, ದಪ್ಪ. ಕೊಂಬೆಗಳು ಕೆಳಗಿನಿಂದಲೇ ಹೊರಟು ಅಗಲವಾಗಿ ಚಾಚಿರುವುವು. ಇಂತಹ ಮರದ ಮೇಲೆ ಗಾಳಿಯು ಹಾಕುವ ಬಲವೆಷ್ಟು? ಒಂದು ಗೋಡೆಯ ಮೇಲಾದರೆ ಲೆಕ್ಕ ಸುಲಭ. ಗಾಳಿಯ ವೇಗವು ಇಮ್ಮಡಿಸಿದರೆ ಬಲ ನಾಲ್ಮಡಿ, ಮುಮ್ಮಡಿಸಿದರೆ ಒಂಬತ್ತು ಮಡಿ; ಎಂದರೆ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು. ಮರವೂ ಗೋಡೆಯಂತೆ ಬಿಗಿಯಾಗಿ ನಿಂತಿದ್ದರೆ ಈ ಏರಿಕೆಗೆ ಎಂದೋ ಸೋತುಹೋಗುತ್ತಿದ್ದಿತು. ಮರ ಬಾಗುವುದು. ಬಾಗಿದಾಗ ಗಾಳಿಗೆ ಎದುರಾದ ಹರವು ಕುಗ್ಗುವುದು. ರೆಂಬೆಗಳು ಗಾಳಿಯ ಜಾಡಿನಲ್ಲಿ ಹಿಂದಕ್ಕೆ ಸೇರಿಕೊಳ್ಳುವುವು. ಎಲೆಗಳು ಒಂದಕ್ಕೊಂದು ಮರೆಯಾಗುವುವು. ಗಾಳಿಸುರಂಗಗಳಲ್ಲಿ ಚಿಕ್ಕ ಮರಗಳನ್ನಿಟ್ಟು ಅಳೆದವರು ಕಂಡಿರುವುದೇನೆಂದರೆ, ಬಿರುಸಾದ ಗಾಳಿಯಲ್ಲಿ ಅನೇಕ ಮರಗಳ ಮೇಲಿನ ಬಲವು ವೇಗದ ವರ್ಗದಂತೆ ಏರದೆ, ಹೆಚ್ಚು ಕಡಮೆ ವೇಗದಷ್ಟೇ ಏರುವುದು. ತಗ್ಗಿ ನಡೆಯುವವನಿಗೆ ಕೇಡಿಲ್ಲವೆಂಬ ಹಿರಿಯರ ಮಾತು ಇಲ್ಲಿ ಗಣಿತದ ಮಾತೂ ಆಗಿದೆ.

ಮುಂಡಗೋಡದಲ್ಲಿಯೇ ಇನ್ನೊಂದು ದೃಶ್ಯವನ್ನು ಕಂಡೆವು. 1966ರಿಂದ ಅಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿಗಳಿವೆ. ಅವರು ಕಟ್ಟಿದ ಪ್ರಾರ್ಥನೆಯ ಬಾವುಟಗಳು ಸಾಲು ಸಾಲಾಗಿ ಗಾಳಿಗೆ ಪಟಪಟಿಸುತ್ತಿದ್ದುವು. ಬದಿಯಲ್ಲೇ ಮರಗಳ ಎಲೆಗಳೂ ಆಡುತ್ತಿದ್ದುವು. ಎರಡೂ ತೆಳುವಾದುವು, ಎರಡೂ ಒಂದು ಅಂಚಿನಲ್ಲಿ ಮಾತ್ರ ಹಿಡಿಯಲ್ಪಟ್ಟುವು. ಆದರೂ ಬಾವುಟವು ಕೆಲವು ತಿಂಗಳಲ್ಲಿ ಚಿಂದಿಯಾಗುವುದು, ಎಲೆ ಹರಿಯದು. ಕಾರಣವೇನು? ಅಮೆರಿಕದ ಸ್ಟೀವನ್ ವೋಗೆಲ್ ಎಂಬ ಜೀವವಿಜ್ಞಾನಿಯು ಎಲೆಗಳನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿ 1989ರಲ್ಲಿ ಇದನ್ನು ವಿವರಿಸಿದನು. ಬಾವುಟವು ಅಲೆಯಲೆಯಾಗಿ ಬಡಿದುಕೊಳ್ಳುವುದರಿಂದ ಅದರ ಮೇಲಿನ ಸೆಳೆತವು ಅಷ್ಟೇ ಹರವಿನ ಗಟ್ಟಿ ಹಲಗೆಯ ಮೇಲಿನದಕ್ಕಿಂತಲೂ ಬಹಳ ಹೆಚ್ಚು. ಎಲೆಯಾದರೋ, ಗಾಳಿ ಬಲಿತಂತೆ ಅಂಚುಗಳನ್ನು ಒಳಕ್ಕೆ ಮಡಿಸಿ, ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣದಂತೆ ಸುರುಳಿಯಾಗುವುದು. ಗಾಳಿ ಹೆಚ್ಚಿದಷ್ಟೂ ಸುರುಳಿ ಬಿಗಿಯಾಗುವುದು. ಗರಿಯಂತಹ ಸಂಯುಕ್ತ ಪತ್ರಗಳಲ್ಲಿ ಕಿರಿಯೆಲೆಗಳು ನಡುಕಡ್ಡಿಗೆ ಒತ್ತಿ ಮಡಿಸಿಕೊಳ್ಳುವುವು. ಎಲ್ಲ ಜಾತಿಯ ಎಲೆಗಳೂ ಈ ವಿದ್ಯೆಯಲ್ಲಿ ಸಮಾನರಲ್ಲ; ಆದರೆ ವಿದ್ಯೆಯ ಮೂಲ ಎಲೆಯ ಆಕಾರದಲ್ಲಿಯೂ ತೊಟ್ಟಿನ ನೀಳದಲ್ಲಿಯೂ ಇದೆ. ನಮ್ಮ ಪೂರ್ವಿಕರು ಇದನ್ನು ನೋಡದೆ ಇರಲಿಲ್ಲ. ಅಮರಕೋಶದಲ್ಲಿ ಅಶ್ವತ್ಥಕ್ಕೆ ಚಲದಲವೆಂಬ ಹೆಸರಿದೆ. ಅರಳಿಯ ತೊಟ್ಟು ಉದ್ದ, ಸಪುರ. ಮಿಕ್ಕ ಮರಗಳೆಲ್ಲ ಸ್ತಬ್ಧವಾಗಿರುವಾಗಲೂ ಅದರ ಎಲೆ ನಡುಗುತ್ತಲೇ ಇರುವುದು.

ಮುಂಡಗೋಡದಿಂದ ಹಳಿಯಾಳಕ್ಕೆ ಬಂದರೆ ದೃಶ್ಯವೇ ಬೇರೆ. ಸಾಲು ಹಿಡಿದು ನೆಟ್ಟ ತೇಗದ ತೋಪು. ಕಾಂಡಗಳು ನೆಟ್ಟಗೆ ಕಂಬಗಳಂತೆ ಏರಿ, ನೆತ್ತಿಯಲ್ಲಿ ಮಾತ್ರ ಒಂದು ಹಿಡಿ ಹಸುರನ್ನು ಹೊತ್ತಿರುವುವು. ಒತ್ತಾಗಿ ನೆಟ್ಟಾಗ ಪ್ರತಿಯೊಂದೂ ಬೆಳಕಿಗಾಗಿ ಮೇಲಕ್ಕೆ ಓಡುವುದು, ಅಡ್ಡಕೊಂಬೆಗೆ ಅವಕಾಶವಿಲ್ಲ. ಮರ ಕೊಳ್ಳುವವನಿಗೆ ಇದೇ ಬೇಕಾದುದು. ಗಾಳಿಗೂ ಇದು ಸರಳವಾದ ಗಿರಾಕಿ. ಬುಡದಲ್ಲಿ ನೆಟ್ಟು ತುದಿಯಲ್ಲಿ ಬಿಟ್ಟ ಒಂದು ಕೋಲಿನಂತೆ ಇಡೀ ಮರ ಒಂದಾಗಿ ತೂಗುವುದು. ನಮ್ಮ ಹುಡುಗರು ಗಡಿಯಾರ ಹಿಡಿದು ಎಣಿಸಿದರು. ಎತ್ತರವಾದ ತೇಗವೊಂದು ಹೋಗಿ ಬರಲು ಮೂರು ನಾಲ್ಕು ಸೆಕೆಂಡು ಹಿಡಿಯಿತು. ಈ ಕಾಲಕ್ಕೆ ಲೆಕ್ಕವುಂಟು. ದಪ್ಪವು ಒಂದೇ ಆಗಿದ್ದು ಎತ್ತರವು ಇಮ್ಮಡಿಯಾದರೆ ಆಂದೋಲನದ ಕಾಲವು ಸುಮಾರು ನಾಲ್ಮಡಿಯಾಗುವುದು; ಎತ್ತರ ಒಂದೇ ಇದ್ದು ದಪ್ಪ ಹೆಚ್ಚಿದರೆ ಕಾಲವು ಕಡಮೆಯಾಗುವುದು; ಭಾರವೆಲ್ಲ ನೆತ್ತಿಯಲ್ಲಿಯೇ ಕೂಡಿದರೆ ತೂಗು ಇನ್ನಷ್ಟು ನಿಧಾನವಾಗುವುದು. ಯುರೋಪಿನ ಅರಣ್ಯಶಾಸ್ತ್ರಜ್ಞರು ಮರದ ಎತ್ತರವನ್ನು ಕಾಂಡದ ವ್ಯಾಸದಿಂದ ಭಾಗಿಸಿ ನೋಡುವ ರೂಢಿಯಿದೆ. ಅಲ್ಲಿನ ಸೂಚೀಪರ್ಣದ ಮರಗಳಲ್ಲಿ ಈ ಭಾಗಲಬ್ಧವು 80ನ್ನು ಮೀರಿದರೆ ಅಂತಹ ಮರವನ್ನು ಬಿರುಗಾಳಿಗೆ ನಂಬತಕ್ಕದ್ದಲ್ಲವೆಂದು ಅವರು ಎಣಿಸುವರು.

ಆ ತೋಪಿನ ಅಂಚಿನಲ್ಲಿ ಒಂದು ತೇಗ ಬೇರುಸಹಿತ ಉರುಳಿ ಬಿದ್ದಿತ್ತು. ನಾವು ಅದರ ಬಳಿ ನಿಂತು ಗಾಳಿಯ ವೇಗ, ಬಲ, ಸನ್ನೆಯ ಉದ್ದ ಎಂದು ಹುಡುಗರಿಗೆ ಉಪನ್ಯಾಸ ಮಾಡುತ್ತಿದ್ದೆವು. ಮರ ಸಾಗಿಸುವ ಕೂಲಿಯಲ್ಲಿ ಮುದುಕನಾದ ಒಬ್ಬಾತನು ಅಲ್ಲಿಯೇ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದನು. “ಏನಜ್ಜ, ಹೋದ ಮಳೆಗಾಲದಲ್ಲಿ ಗಾಳಿ ಬಹಳ ಜೋರಾಗಿತ್ತೇನು?” ಎಂದು ಕೇಳಿದೆವು. ಆತನು ನಕ್ಕು, “ಮಾಸ್ತರ, ಈ ಗಿಡಾ ಬಿದ್ದದ್ದು ಗಾಳಿಗಲ್ರೀ. ಇದರ ಮಗ್ಗಲದ ಗಿಡಾ ಆಚಿ ವರ್ಷ ಕಡದ್ರು. ಆಸರ ಹೋತು. ಇದಕ್ಕ ಒಂಟಿ ನಿಂದ್ರೂದು ರೂಢಿ ಇರಲಿಲ್ರೀ” ಎಂದನು. ಆ ಸೀಮೆಯಲ್ಲಿ ಹೆಮ್ಮರಕ್ಕೂ ಗಿಡವೆಂದೇ ಹೇಳುವರು. ನಮ್ಮ ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಆತನ ನಾಲ್ಕು ಮಾತು ಹೆಚ್ಚು ನಿಜವಾಗಿದ್ದಿತು.

ಏಕೆಂದರೆ, ಗಾಳಿಯನ್ನು ತಡೆಯುವ ಆಕಾರವನ್ನು ಮರಕ್ಕೆ ಕಲಿಸುವುದು ಗಾಳಿಯೇ. ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್ ಎಂಬಾತನು 1803ರಲ್ಲಿಯೇ ಇದನ್ನು ಪ್ರಯೋಗದಿಂದ ತೋರಿಸಿದನು. ಎಳೆಯ ಸೇಬಿನ ಮರಗಳಲ್ಲಿ ಕೆಲವನ್ನು ಅಲುಗದಂತೆ ಕಟ್ಟಿಟ್ಟನು, ಕೆಲವನ್ನು ಸ್ವೇಚ್ಛೆಯಾಗಿ ಬಿಟ್ಟನು, ಒಂದನ್ನು ಒಂದೇ ದಿಕ್ಕಿನಲ್ಲಿ ಮಾತ್ರ ಹಿಂದೆ ಮುಂದೆ ತೂಗುವಂತೆ ಮಾಡಿದನು. ಕಟ್ಟಿಟ್ಟ ಮರಗಳು ದಪ್ಪವಾಗಲಿಲ್ಲ, ಬಿಟ್ಟವು ದಪ್ಪವಾದುವು, ಒಂದೇ ದಿಕ್ಕಿಗೆ ತೂಗಿದುದು ಆ ದಿಕ್ಕಿನಲ್ಲಿಯೇ ಹೆಚ್ಚು ದಪ್ಪವಾಗಿ ಅಂಡಾಕಾರವನ್ನು ತಾಳಿತು. ಅಲುಗಾಟವೇ ಮರಕ್ಕೆ ವ್ಯಾಯಾಮ; ಗರಡಿಯ ಹುಡುಗನಂತೆ, ಎಲ್ಲಿ ಸೆಳೆತ ಬೀಳುವುದೋ ಅಲ್ಲಿ ಹೊಸ ಮರವನ್ನು ಕೂಡಿಸಿಕೊಳ್ಳುವುದು. ತೋಪಿನ ನಡುವೆ ನೆರೆಯವರ ಮರೆಯಲ್ಲಿ ಬೆಳೆದ ತೇಗಕ್ಕೆ ಈ ಗರಡಿಯಿಲ್ಲ. ನೆರೆಯ ಮರಗಳನ್ನು ಥಟ್ಟನೆ ಕಡಿದರೆ ಅದು ಒಂದೇ ದಿನದಲ್ಲಿ ಬಯಲ ಮರವಾಗಬೇಕು. ಆದರೆ ಬಯಲ ಮರದ ಕಾಂಡವನ್ನು ಬೆಳೆಸಿಕೊಳ್ಳಲು ವರ್ಷಗಳು ಬೇಕು. ಆ ವರ್ಷಗಳ ನಡುವೆ ಒಂದು ಬಿರುಗಾಳಿ ಬಂದರೆ ಮುಗಿಯಿತು.

ತೇಗಕ್ಕೆ ಒಂದು ಉಪಲಾಭವಿದೆಯೆಂಬುದನ್ನೂ ಹೇಳಬೇಕು. ಅದರ ಎಲೆ ಮೊರದಗಲ. ಅಷ್ಟು ಹಾಯಿಯನ್ನು ಬಿಚ್ಚಿಕೊಂಡು ಬೇಸಗೆಯ ಗುಡುಗು ಗಾಳಿಗೆ ಎದುರಾದರೆ ಕಷ್ಟ. ಆದರೆ ನೀರಿನ ಅಭಾವದಿಂದ ಅದು ಬೇಸಗೆಗೆ ಮುಂಚೆಯೇ ಎಲೆಯನ್ನುದುರಿಸಿ ಬಹುಮಟ್ಟಿಗೆ ಬೋಳಾಗಿರುವುದು. ಉದುರಿಸಿದುದು ಬಾಯಾರಿಕೆಗಾಗಿ; ಅದರಿಂದ ಗಾಳಿಯ ಹೊರೆಯೂ ಇಳಿಯುವುದು.

ಇನ್ನು ದಾಂಡೇಲಿ. ಈ ಹೆಸರನ್ನು ಕೇಳಿದೊಡನೆ ಮರದ ವ್ಯಾಪಾರಿಗಳಿಗೆ ಅದರ ನಾಟಾ ಕೋಠಿ ನೆನಪಾಗುವುದು. ಕಾಗದ ಬಳಸುವವರಿಗೆ 1955ರಲ್ಲಿ ಸ್ಥಾಪಿತವಾದ ಅಲ್ಲಿನ ಕಾಗದದ ಕಾರ್ಖಾನೆ ನೆನಪಾಗುವುದು. 1956ರಲ್ಲಿ ವನ್ಯಮೃಗಗಳ ಆಶ್ರಯವೆಂದು ಘೋಷಿತವಾದ ಅಲ್ಲಿನ ಅರಣ್ಯವು, ಪಕ್ಕದ ಅಣಶಿಯ ಅರಣ್ಯದೊಡನೆ ಸೇರಿ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದೆ. ನಮ್ಮನ್ನು ಅಲ್ಲಿ ಹಿಡಿದು ನಿಲ್ಲಿಸಿದುದು ನದಿಯ ದಡದ ಒಂದು ಹಿರಿಯ ಮತ್ತಿಮರ. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಎಲೆಗಳು ನಡುಗುತ್ತಿದ್ದುವು, ರೆಂಬೆಗಳು ಜೋಲಾಡುತ್ತಿದ್ದುವು, ಕೊಂಬೆಗಳು ನಿಧಾನವಾಗಿ ಏರಿಳಿಯುತ್ತಿದ್ದುವು. ಕಾಂಡ ಮಾತ್ರ ಅಲುಗಿದಂತೆಯೇ ತೋರಲಿಲ್ಲ. ಹಳಿಯಾಳದ ತೇಗದಂತೆ ಇದು ಒಂದಾಗಿ ತೂಗುತ್ತಿರಲಿಲ್ಲ. ಒಂದೊಂದು ಭಾಗವೂ ತನ್ನದೇ ತಾಳದಲ್ಲಿ ಆಡುತ್ತಿದ್ದಿತು.

ಇದರ ರಹಸ್ಯವನ್ನು ತಿಳಿಯಲು ಉಯ್ಯಾಲೆಯನ್ನು ನೆನೆದುಕೊಳ್ಳಿ. ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ, ಅದು ಹಿಂದಕ್ಕೆ ಬಂದ ಕಾಲಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಸಾಕು, ತೂಗು ಹೆಚ್ಚುತ್ತಾ ಹೋಗುವುದು. ಕಾಲ ತಪ್ಪಿಸಿ ನೂಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಗಾಳಿಯು ಒಂದೇ ಸಮನೆ ಬೀಸುವುದಿಲ್ಲ, ಅಲೆಯಲೆಯಾಗಿ ಬರುವುದು. ಈ ಅಲೆಗಳ ಕಾಲವೂ ಮರದ ತೂಗಿನ ಕಾಲವೂ ಹೊಂದಿಕೊಂಡರೆ ಮರದ ತೂಗು ಏರುತ್ತ ಹೋಗಿ ಅಪಾಯಕ್ಕೆ ಬರಬಹುದು. ಇದೇ ಅನುರಣನ. ಒಂಟಿ ಕಂಬದಂತಹ ಮರಕ್ಕೆ ಮುಖ್ಯವಾದ ತಾಳ ಒಂದೇ. ಕವಲೊಡೆದ ಮರಕ್ಕೆ ಹಲವು ತಾಳ. ಹಿರಿಯ ಕೊಂಬೆಗೆ ಒಂದು, ಕಿರಿಯ ಕೊಂಬೆಗೆ ಒಂದು, ರೆಂಬೆಗೆ ಮತ್ತೊಂದು. ಕಾಂಡ ಎಡಕ್ಕೆ ಹೋಗುವಾಗ ಒಂದು ಕೊಂಬೆ ಬಲಕ್ಕೆ ಬರುತ್ತಿರುವುದು, ಇನ್ನೊಂದು ಸುಮ್ಮನೆ ತಡೆದಿರುವುದು. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಕೂಗಿಗೆ ಎಳೆದರೆ ತೇರು ಸಾಗುವುದು. ಒಬ್ಬೊಬ್ಬನು ಒಂದೊಂದು ಕ್ಷಣದಲ್ಲಿ ಎಳೆದರೆ ಹಗ್ಗ ಮಾತ್ರ ಕುಣಿಯುವುದು, ತೇರು ನಿಂತಲ್ಲೇ ನಿಲ್ಲುವುದು. ಹಾಗೆ ಗಾಳಿ ತಂದುಕೊಟ್ಟ ಶಕ್ತಿಯು ಕಾಂಡದಲ್ಲಿ ಕೂಡಿಕೊಳ್ಳದೆ ಕೊಂಬೆಗಳಿಗೆ, ರೆಂಬೆಗಳಿಗೆ, ಎಲೆಗಳಿಗೆ ಹಂಚಿಹೋಗಿ, ಎಲೆಗಳ ನಡುಕದಲ್ಲಿ ಗಾಳಿಗೇ ಹಿಂತಿರುಗಿ ಸವೆದುಹೋಗುವುದು. ಆಸ್ಟ್ರೇಲಿಯದ ಕೆನ್ ಜೇಮ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಆಕಾರದ ಮರಗಳ ಅಲುಗಾಟವನ್ನು ಉಪಕರಣಗಳಿಂದ ಅಳೆದು, ಕೊಂಬೆಗಳ ಈ ಶಾಮಕಗುಣವನ್ನು 2006ರಲ್ಲಿ ಪ್ರಕಟಿಸಿದರು. ಬಯಲಿನಲ್ಲಿ ಹರಡಿ ಬೆಳೆದ ಮರದ ತೂಗನ್ನು ಎತ್ತರ ದಪ್ಪಗಳಿಂದ ಮಾತ್ರ ಹೇಳಲಾಗದು, ಕವಲುಗಳ ಜೋಡಣೆಯನ್ನೂ ನೋಡಲೇಬೇಕು ಎಂಬುದು ಅನಂತರದ ಸಂಶೋಧನೆಗಳಿಂದ ಇನ್ನೂ ಸ್ಪಷ್ಟವಾಗಿದೆ.

ಕವಲುಗಳ ದಪ್ಪಕ್ಕೂ ಒಂದು ನಿಯಮವುಂಟು. ಒಂದು ಕೊಂಬೆ ಎರಡಾಗಿ ಒಡೆದರೆ, ಆ ಎರಡರ ಅಡ್ಡಕೊಯ್ತದ ಹರವನ್ನು ಕೂಡಿದರೆ ಮೂಲಕೊಂಬೆಯ ಹರವಿಗೆ ಸುಮಾರು ಸಮವಾಗುವುದೆಂದು ಇಟಲಿಯ ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷಗಳ ಹಿಂದೆಯೇ ಗುರುತುಮಾಡಿಕೊಂಡಿದ್ದನು. ಇದು ರಸವು ಹರಿಯುವ ಅನುಕೂಲಕ್ಕಾಗಿ ಎಂದು ಬಹುಮಂದಿ ತಿಳಿದಿದ್ದರು. ಫ್ರಾನ್ಸಿನ ಕ್ರಿಸ್ತೋಫ್ ಎಲ್ವಾ ಎಂಬಾತನು 2011ರಲ್ಲಿ ಬೇರೊಂದು ಕಾರಣವನ್ನು ಮುಂದಿಟ್ಟನು: ಗಾಳಿಯ ಸೆಳೆತವು ಮರದ ಯಾವ ಒಂದು ಭಾಗಕ್ಕೂ ಮಿತಿಮೀರಿ ಬೀಳದೆ ಎಲ್ಲೆಡೆಯೂ ಸಮನಾಗಿ ಹಂಚಿಹೋಗಬೇಕಾದರೆ ಕವಲುಗಳ ದಪ್ಪ ಹೀಗೆಯೇ ಇರಬೇಕಾಗುವುದೆಂದು ಲೆಕ್ಕದಿಂದ ತೋರಿಸಿದನು.

ದಾಂಡೇಲಿಯ ಬಿದಿರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಾಗುವ ಕೋಲಿನಲ್ಲಿ ಸೆಳೆತವೆಲ್ಲ ಹೊರಮೈಗೆ; ನಡುವೆ ಇರುವ ಪದಾರ್ಥ ಕೆಲಸಕ್ಕೆ ಬಾರದು. ಹೆಬ್ಬಿದಿರು ಆ ನಡುಭಾಗವನ್ನು ಬರಿದಾಗಿ ಬಿಟ್ಟು, ಇರುವುದನ್ನೆಲ್ಲ ಹೊರಸುತ್ತಿನಲ್ಲಿ ಇಟ್ಟಿದೆ. ಆದರೆ ಪೊಳ್ಳು ಕೊಳವೆ ಬಾಗಿದರೆ ಚಪ್ಪಟೆಯಾಗಿ ಮಡಿದುಹೋಗುವ ಭಯವುಂಟು; ಅದಕ್ಕೆ ಗೆಣ್ಣು ಗೆಣ್ಣಿಗೂ ಒಳಗೆ ಒಂದು ಅಡ್ಡಗೋಡೆ. ತುದಿಯು ಸಪುರವಾಗಿ ಬಿಲ್ಲಿನಂತೆ ಬಾಗಿ ಗಾಳಿಗೆ ಬೆನ್ನು ತಿರುಗಿಸುವುದು. ಮೆಳೆಯಲ್ಲಿ ಒಂದು ಗಳು ಇನ್ನೊಂದಕ್ಕೆ ಒರಗಿ, ಉಜ್ಜಿ, ಆ ಉಜ್ಜಾಟದಲ್ಲಿ ಗಾಳಿಯ ಶಕ್ತಿಯನ್ನು ಕರಗಿಸುವುದು. ರಾತ್ರಿ ಬಿದಿರುಮೆಳೆಯ ಕಿರುಗುಟ್ಟುವ ಸದ್ದನ್ನು ಕೇಳಿ ನಮ್ಮ ಹುಡುಗನೊಬ್ಬನು ಹೆದರಿದನು. ಅದು ದೆವ್ವವಲ್ಲ, ಶಕ್ತಿಯ ವ್ಯಯವೆಂದು ಸಮಾಧಾನ ಹೇಳಿದೆವು.

ಕೊನೆಯದಾಗಿ ಜೋಯಿಡಾ. ಈ ತಾಲ್ಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿದ್ದಿತು. ಆ ಹೆಸರಿನ ಊರು ಕಾಳೀನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕಡಲಿನ ಕಡೆಯಿಂದ ನೈರುತ್ಯದ ಗಾಳಿ ಘಟ್ಟಕ್ಕೆ ಅಪ್ಪಳಿಸುವುದು. ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ. ಮಣ್ಣು ನೆನೆದು ಬೇರಿನ ಹಿಡಿತ ಸಡಿಲವಾಗುವುದೂ ಆಗಲೇ, ಗಾಳಿ ಬಲವಾಗುವುದೂ ಆಗಲೇ. ಎಲೆಯನ್ನು ಉದುರಿಸಿ ಹೊರೆ ಇಳಿಸುವ ಉಪಾಯವೂ ಇಲ್ಲಿನ ಮರಗಳಿಗಿಲ್ಲ. ಆದರೂ ಅವು ನಿಂತಿವೆ. ಒಂದು ಕಾರಣ, ಒಗ್ಗಟ್ಟು. ನೆತ್ತಿಗಳು ಒಂದಕ್ಕೊಂದು ಹೆಣೆದು ಮೇಲೆ ಒಂದೇ ಚಪ್ಪರವಾಗಿರುವುದು. ಗಾಳಿಯ ಬಹುಪಾಲು ಚಪ್ಪರದ ಮೇಲೆ ಜಾರಿಹೋಗುವುದು. ತೂಗಿದ ಮರ ನೆರೆಯ ಮರಕ್ಕೆ ತಾಕಿ ತಡೆಯುವುದು. ಬುಡದಲ್ಲಿ ನಿಂತವನಿಗೆ ಮೇಲೆ ಕಡಲಿನ ಮೊರೆತ ಕೇಳಿಸುವುದು, ಕೆಳಗೆ ಒಂದು ಜೇಡರ ಬಲೆಯೂ ಅಲುಗದು. ಇನ್ನೊಂದು ಕಾರಣ, ಆನಿಕೆಬೇರು. ಕೆಲವು ಹೆಮ್ಮರಗಳ ಬುಡದಲ್ಲಿ ಆಳೆತ್ತರದ ಹಲಗೆಗಳಂತೆ ಬೇರುಗಳು ಕಾಂಡಕ್ಕೆ ಆತು ನಿಂತಿರುವುವು. ಕಾಂಡದ ಸೆಳೆತವನ್ನು ಅವು ಅಗಲವಾದ ನೆಲಕ್ಕೆ ಹಂಚಿಕೊಡುವುವು. ಇನ್ನು ಘಟ್ಟದ ನೆತ್ತಿಯಲ್ಲಿ ಮರೆಯಿಲ್ಲದೆ ನಿಂತ ಮರಗಳು ಎತ್ತರದ ಆಸೆಯನ್ನೇ ಬಿಟ್ಟು, ಕುಳ್ಳಾಗಿ, ಗಂಟು ಗಂಟಾಗಿ, ಗಾಳಿ ಹೋಗುವ ದಿಕ್ಕಿಗೆ ತಲೆ ಬಾಚಿಕೊಂಡಿರುವುವು. ಗಾಳಿಯು ಅಲ್ಲಿ ಬರೆದಿಟ್ಟ ತನ್ನ ಸಹಿ ಅದು.

ಕಣಿವೆಯ ಅಡಿಕೆತೋಟ ಈ ಕಥೆಗೆ ಒಂದು ಉಪಕಥೆ. ಅಡಿಕೆಗೆ ಕವಲಿಲ್ಲ, ತೇಗದಂತೆ ವರ್ಷ ವರ್ಷಕ್ಕೂ ಸುತ್ತು ಕೂಡಿಸಿಕೊಂಡು ದಪ್ಪವಾಗುವ ಶಕ್ತಿಯೂ ಅದರ ಕಾಂಡಕ್ಕಿಲ್ಲ. ಅದರ ಬಂಡವಾಳವೆಲ್ಲ ಬಳುಕು. ನಾರು ತುಂಬಿದ ಹೊರಮೈ, ಗಾಳಿಗೆ ಮಡಿಸಿಕೊಳ್ಳುವ ನಾಲ್ಕಾರು ಹೆಡೆ, ಸುತ್ತ ಗುಡ್ಡದ ಮತ್ತು ಕಾಡಿನ ಮರೆ. ಸುತ್ತಣ ಕಾಡನ್ನು ಬೋಳುಮಾಡಿ ತೋಟವನ್ನು ಮಾತ್ರ ಉಳಿಸಿಕೊಳ್ಳುತ್ತೇವೆಂದು ಹೊರಟವನಿಗೆ, ಆ ಕಾಡು ಸೊಪ್ಪಿಗೆ ಮಾತ್ರವಲ್ಲದೆ ಗಾಳಿಗೂ ಬೇಕಾಗಿದ್ದಿತೆಂಬುದು ಮೊದಲನೆಯ ಮಳೆಗಾಲದಲ್ಲಿಯೇ ತಿಳಿಯುವುದು.

ಈಗ ನಮ್ಮ ಮಳೆಮರಕ್ಕೆ ಹಿಂತಿರುಗೋಣ. ನಾವು ಮಾಡಿದ ತಪ್ಪೇನೆಂಬುದು ತಮಗೆ ಈಗಾಗಲೇ ಹೊಳೆದಿರಬೇಕು. ಹರವನ್ನು ಕಡಮೆ ಮಾಡಿದೆವು, ನಿಜ. ಆದರೆ ಕೆಳಗಿನ ಹಸುರನ್ನು ತೆಗೆದುದರಿಂದ, ಉಳಿದ ಹರವೆಲ್ಲ ಕೊಂಬೆಗಳ ತುದಿಯಲ್ಲಿ ಕೂಡಿತು, ಸನ್ನೆಕೋಲು ಉದ್ದವಾಯಿತು. ಒಳಗಿನ ಕವಲುಗಳನ್ನು ತೆಗೆದುದರಿಂದ, ಗಾಳಿಯ ಶಕ್ತಿಯನ್ನು ಹಂಚಿಕೊಂಡು ಕರಗಿಸುತ್ತಿದ್ದ ಕೈಗಳೇ ಇಲ್ಲವಾದುವು. ಹಲವು ತಾಳದ ಮರವನ್ನು ಒಂದೇ ತಾಳದ ಮರವಾಗಿ ಮಾಡಿದೆವು. ದಾಂಡೇಲಿಯ ಮತ್ತಿಯಂತಿದ್ದುದನ್ನು ಹಳಿಯಾಳದ ಕಂಬವಾಗಿ ಮಾಡಿ, ಆದರೆ ತೋಪಿನ ಆಸರೆಯನ್ನು ಕೊಡದೆ, ಮುಂಡಗೋಡದ ಬಯಲಿನಲ್ಲಿ ನಿಲ್ಲಿಸಿದೆವು. ನಮ್ಮ ಸೂತ್ರ ತಪ್ಪಾಗಿರಲಿಲ್ಲ. ಅದು ಗೋಡೆಯ ಸೂತ್ರ, ಮರದ್ದಲ್ಲ. ಕಾವಲುಗಾರನು ಆ ಸಂಜೆ ಗುಡಿಸಿಲಿನಲ್ಲಿಯೇ ಇದ್ದಿದ್ದರೆ ಈ ವಿವೇಚನೆಯನ್ನು ಇಷ್ಟು ಸಮಾಧಾನದಿಂದ ಹೇಳಲು ನಮಗೆ ನಾಲಗೆ ಬರುತ್ತಿರಲಿಲ್ಲ.

ನಗರವಾಸಿಗಳಾದ ನಮಗೆಲ್ಲ ಇದರಿಂದ ಕಲಿಯತಕ್ಕದ್ದು ಇದೆ. ಮುಂಗಾರಿಗೆ ಮುಂಚೆ ಒಂದು ಮರ ಬಿದ್ದಿತೆಂದರೆ ಬೀದಿಯ ಮರಗಳನ್ನೆಲ್ಲ ಕಡಿಸಬೇಕೆಂಬ ಕೂಗು ಏಳುವುದು. ತಂತಿಗೆ ತಾಗುವುದೆಂದು ಒಂದು ಮಗ್ಗುಲನ್ನು ಪೂರ್ತಿಯಾಗಿ ಸವರುವರು. ಮರ ಒಂದು ಕಡೆಗೆ ಭಾರವಾಗಿ, ಗಾಳಿ ಬಂದಾಗ ಬಾಗುವುದರೊಡನೆ ತಿರುಚಿಕೊಳ್ಳುವುದು. ಮರಕ್ಕೆ ತಿರುಚು ಬಾಗುವಿಕೆಗಿಂತಲೂ ಕೆಟ್ಟದ್ದು. ಕಾಲುದಾರಿಗೆ ಕಲ್ಲು ಹಾಸುವಾಗ ಬೇರನ್ನು ಕಡಿಯುವರು. ಆನಿಕೆಯನ್ನು ಕಿತ್ತು ಗೋಡೆ ನಿಲ್ಲಲೆಂದು ಹೇಳಿದಂತಾಯಿತು. ನೆತ್ತಿಯನ್ನು ಒಮ್ಮೆಗೇ ಬೋಳಿಸುವರು. ಆ ಗಾಯದಿಂದ ಹೊರಟ ಹೊಸ ಚಿಗುರುಗಳು ಹೊರಮೈಗೆ ಮಾತ್ರ ಅಂಟಿಕೊಂಡಿದ್ದು, ದಪ್ಪವಾದ ಮೇಲೆ ಮೊದಲು ಸೀಳುವುದು ಅವೇ.

ಮಾಡಬೇಕಾದುದು ಬಹಳ ಕಷ್ಟದ ಕೆಲಸವಲ್ಲ. ಎಳೆಯದಾಗಿರುವಾಗಲೇ ಮರವನ್ನು ತಿದ್ದಬೇಕು. ಮುಪ್ಪಿನಲ್ಲಿ ತಿದ್ದಹೊರಟರೆ ಗಾಯವೇ ದೊಡ್ಡದು. ಭಾರ ಇಳಿಸಲೇಬೇಕಾದರೆ ಸುತ್ತಲೂ ಹೊರತುದಿಗಳನ್ನು ಸಮವಾಗಿ ಸ್ವಲ್ಪ ಸ್ವಲ್ಪ ಮೊಟಕುಮಾಡಬೇಕು. ಒಳಗಿನ ಕಿರುಕವಲುಗಳನ್ನು ಬಿಡಬೇಕು. ನೆಡುವಾಗ ಎಳೆಯ ಸಸಿಯನ್ನು ಊರೆಗೋಲಿಗೆ ಅಲುಗದಂತೆ ಬಿಗಿಯಬಾರದು. ಸಡಿಲವಾಗಿ ಕಟ್ಟಿ, ಬೇರೂರಿದ ಮೇಲೆ ಕಟ್ಟನ್ನು ಬಿಚ್ಚಬೇಕು. ನೈಟನ ಸೇಬಿನ ಮರಗಳನ್ನು ಮರೆಯಬಾರದು. ಬುಡದಲ್ಲಿ ಅಣಬೆ ಎದ್ದಿದೆಯೆ, ನೆಲ ಬಿರಿದಿದೆಯೆ, ನಿನ್ನೆ ಇಲ್ಲದ ವಾಲು ಇಂದು ಕಂಡಿದೆಯೆ ಎಂದು ಮಳೆಗಾಲಕ್ಕೆ ಮುಂಚೆ ಒಂದು ಸಲ ನೋಡಬೇಕು. ಇವು ಇದ್ದರೆ ಆ ಮರವನ್ನು ತೆಗೆಯುವುದೇ ಧರ್ಮ. ಬರಿಯ ಅಲುಗಾಟವನ್ನು ಕಂಡು ಹೆದರಿ ಕಡಿಯುವುದು ಧರ್ಮವಲ್ಲ. ಅಲುಗುವ ಮರ ತನ್ನ ಕೆಲಸವನ್ನು ಮಾಡುತ್ತಿದೆಯೆಂದು ತಿಳಿಯತಕ್ಕದ್ದು.

ನಮ್ಮ ಅಂಗಳದಲ್ಲಿ ಆ ಮಳೆಮರವಿದ್ದ ಕಡೆ ಈಗ ಮೂರು ಹೊಂಗೆಯ ಸಸಿಗಳನ್ನು ನೆಟ್ಟಿದ್ದೇವೆ, ಒಂದಕ್ಕೊಂದು ಆಸರೆಯಾಗಿರಲೆಂದು. ಅವುಗಳಿಗೆ ನೀರೆರೆಯುವವನು ಆ ಕಾವಲುಗಾರನೇ. ಸಂಜೆಯ ಗಾಳಿಗೆ ಅವು ಬಹಳ ಅಲ್ಲಾಡುವುವೆಂದು ಆತನು ಮೊನ್ನೆ ಬಂದು ಚಿಂತೆಯಿಂದ ಹೇಳಿದನು. ಅಲ್ಲಾಡಲಿ ಬಿಡಪ್ಪ ಎಂದೆವು.